ಪ್ರಾರ್ಥನೆಯೊಳಗಿನ ತರ್ಕ: ಸಂತ ಆನ್ಸೆಲ್ಮರ 'ಪ್ರೊಸ್ಲೋಗಿಯೊನ್' ಮತ್ತು ಅದರ ಮೂರು ಓದುಗಳು

ಪರಮಸತ್ಯದ ಅರಿವು ತರ್ಕಸಾಧ್ಯವೋ, ವಿಶ್ವಾಸಲಭ್ಯವೋ, ಧ್ಯಾನಗಮ್ಯವೋ? ತತ್ತ್ವಮೀಮಾಂಸೆಯ ಈ ಪ್ರಶ್ನೆಗೆ ಸಂತ ಆನ್ಸೆಲ್ಮರ 'ಪ್ರೊಸ್ಲೋಗಿಯೊನ್' ಉತ್ತಮ ಒರೆಗಲ್ಲು. ೧೦೭೭-೭೮ರ ಸುಮಾರಿಗೆ ನಾರ್ಮಂಡಿಯ ಬೆಕ್ ಮಠದಲ್ಲಿ ರಚಿತವಾದ ಈ ಕೃತಿಯಲ್ಲಿ ೨೬ ಅಧ್ಯಾಯಗಳಿವೆ. ಗುರುಮಠದ ತರಗತಿಗಳಲ್ಲಿ ನಾವು ಸಾಮಾನ್ಯವಾಗಿ ಬೋಧಿಸುವುದು ಎರಡರಿಂದ ನಾಲ್ಕರವರೆಗಿನವನ್ನು ಮಾತ್ರ.

ಮೊದಲನೆಯದು ಶುದ್ಧ ತರ್ಕದ ಓದು. ತನಗಿಂತ ಮಿಗಿಲಾದುದನ್ನು ಯೋಚಿಸಲಾಗದಂಥದ್ದೇ ದೇವರು. ಅದು ಮನಸ್ಸಿನಲ್ಲಷ್ಟೇ ಇದ್ದರೆ ಅದಕ್ಕಿಂತ ಮಿಗಿಲಾದುದನ್ನು ಯೋಚಿಸಬಹುದು. ಆದ್ದರಿಂದ ಅದು ವಾಸ್ತವದಲ್ಲೂ ಇರಲೇಬೇಕು. ಈ ಅರ್ಥವನ್ನು ಒಪ್ಪಿದರೂ ಬುದ್ಧಿಯೊಳಗಿನ ಇರುವಿಕೆಯಷ್ಟೇ ಸಿದ್ಧವಾಗುತ್ತದೆಂಬ ಅಕ್ವಿನೋದ ಸಂತ ತೋಮಸರ ಆಕ್ಷೇಪ ಇಂದಿಗೂ ಗಟ್ಟಿಯಾಗಿದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಪ್ರಾರ್ಥನೆಯಿಂದ ಆರಂಭವಾಗುವ ಗ್ರಂಥದಿಂದ ಪ್ರಮಾಣವೊಂದನ್ನೇ ಕಿತ್ತು ತೆಗೆದು ತೂಗುವುದು ಅಪೂರ್ಣ ವಿಮರ್ಶೆ.

೧೯೩೧ರಲ್ಲಿ ಕಾರ್ಲ್ ಬಾರ್ತ್ ಎರಡನೆಯ ಓದನ್ನು ಮಂಡಿಸಿದರು: ಇದು ವಿಶ್ವಾಸದೊಳಗೇ ನಡೆಯುವ ಅರಿವಿನ ಶೋಧ. ಕೃತಿಯ ಮೊದಲ ಶೀರ್ಷಿಕೆಯೇ 'ಅರಿವನ್ನು ಅರಸುವ ವಿಶ್ವಾಸ' ಎಂದಿತ್ತು. ಆದರೂ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ, ತಾವು ವಿಶ್ವಾಸಿಸಲು ಒಲ್ಲೆನೆಂದರೂ ಇನ್ನು ಅರಿಯದಿರಲಾರೆನೆಂದು ಆನ್ಸೆಲ್ಮರು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಪವಿತ್ರ ಗ್ರಂಥದ ಅಧಿಕಾರವನ್ನು ಒಪ್ಪದವನಿಗೂ ಕೆಳಗಿನ ಒಳಿತುಗಳಿಂದ ಮೇಲಿನವುಗಳತ್ತ ಏರುವ ತರ್ಕದಿಂದ ಉತ್ತರಿಸಬಹುದೆಂದು ಗೌನಿಲೋಗೆ ಬರೆದ ಮಾರುತ್ತರದಲ್ಲಿ ಹೇಳುತ್ತಾರೆ. ಈ ಮಾತುಗಳು ಬಾರ್ತರ ಚೌಕಟ್ಟಿಗೆ ಸುಲಭವಾಗಿ ಒಗ್ಗುವುದಿಲ್ಲ.

ಮೂರನೆಯದು ೧೯೩೩ರಲ್ಲಿ ಆನ್ಸೆಲ್ಮ್ ಸ್ಟೋಲ್ಜ್ ಮುಂದಿಟ್ಟ ಅನುಭಾವದ ಓದು. ಈ ಹೊಳಹು ಊಟ, ನಿದ್ರೆ ಕೆಡಿಸಿ, ಕೊನೆಗೆ ರಾತ್ರಿಯ ಪ್ರಾರ್ಥನೆಯ ವೇಳೆಯಲ್ಲಿ ದೊರಕಿತೆಂದು ಜೀವನಚರಿತ್ರೆಕಾರ ಈಡ್ಮರ್ ಬರೆದಿರುವುದು ಇದಕ್ಕೆ ಒತ್ತಾಸೆ. ಆದರೆ ಹದಿನಾಲ್ಕನೆಯ ಅಧ್ಯಾಯವೇ ಇದಕ್ಕೆ ತಡೆ: ಅರಸಿದ್ದು ದೊರೆತಿದ್ದರೆ ಆತ್ಮಕ್ಕೆ ಅದರ ಅನುಭವವೇಕಿಲ್ಲ ಎಂದು ಅಲ್ಲಿ ಆನ್ಸೆಲ್ಮರು ಕೇಳುತ್ತಾರೆ. ಪ್ರಮಾಣದ ಅರಿವು ಇನ್ನೂ ದರ್ಶನವಾಗಿಲ್ಲ.

ಈ ಮೂರೂ ಸಾಲವೆಂದು ೧೯೩೪ರಲ್ಲೇ ಎತಿಯೆನ್ ಗಿಲ್ಸನ್ ವಾದಿಸಿದರು. ನಮ್ಮ ದೃಷ್ಟಿಯಲ್ಲಿ ಕೃತಿಯ ಕೀಲಿ ಇರುವುದು ಹದಿನೈದನೆಯ ಅಧ್ಯಾಯದಲ್ಲಿ. ದೇವರು ನಮ್ಮ ಯೋಚನೆಗೆ ನಿಲುಕುವುದಕ್ಕಿಂತಲೂ ಮಿಗಿಲೆಂಬ ನಿರ್ಣಯಕ್ಕೆ ಅಲ್ಲಿ ತರ್ಕವೇ ಬರುತ್ತದೆ. ತನ್ನ ಎಲ್ಲೆಯನ್ನು ತಾನೇ ಗುರುತಿಸುತ್ತದೆ. ವಿಶ್ವಾಸ ಶೋಧಕ್ಕೆ ದಿಕ್ಕು ಕೊಡುತ್ತದೆ, ತರ್ಕ ಅದನ್ನು ಪರೀಕ್ಷಿಸುತ್ತದೆ, ತರ್ಕ ನಿಂತಲ್ಲಿ ಧ್ಯಾನ ಕಾದು ನಿಲ್ಲುತ್ತದೆ. ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು. ಆದುದರಿಂದ ಪ್ರಾರ್ಥನೆಯ ಆಳವು ಪ್ರಮಾಣದ ದೋಷವನ್ನು ಮುಚ್ಚಲಾರದು.

ಇದು ಪಾಲನಾಸೇವೆಗೂ ಸಂಬಂಧಿಸಿದ ಮಾತು. ಸೃಷ್ಟಿಯ ಮೂಲಕ ದೇವರನ್ನು ಮಾನವ ವಿವೇಚನೆಯ ಸಹಜ ಬೆಳಕಿನಲ್ಲಿ ನಿಶ್ಚಿತವಾಗಿ ಅರಿಯಬಹುದೆಂದು ೧೮೭೦ರಲ್ಲಿ ಪ್ರಥಮ ವ್ಯಾಟಿಕನ್ ಮಹಾಸಭೆ ಬೋಧಿಸಿತು. ಸಂದೇಹದೊಡನೆ ಬಂದ ಯುವಕನಿಗೆ 'ಪ್ರಾರ್ಥಿಸು, ತಿಳಿಯುತ್ತದೆ' ಎಂದಷ್ಟೇ ಹೇಳಿ ಕಳುಹಿಸುವ ಗುರು ಈ ಬೋಧನೆಯನ್ನು ಮರೆತಂತೆ. ಆನ್ಸೆಲ್ಮರಾದರೋ ಮೂಢನ ಪರವಾಗಿ ಗೌನಿಲೋ ಬರೆದ ಆಕ್ಷೇಪವನ್ನೂ ತಮ್ಮ ಮಾರುತ್ತರವನ್ನೂ ಗ್ರಂಥದೊಂದಿಗೇ ಪ್ರತಿಮಾಡಿಸಬೇಕೆಂದು ಬಯಸಿದರು. ನಮ್ಮ ತರಗತಿಗಳಲ್ಲೂ ಆ ಆಕ್ಷೇಪಕ್ಕೆ ಅಷ್ಟೇ ಸ್ಥಾನವಿರಲಿ. ಒಂದನೆಯ ಅಧ್ಯಾಯದ ಪ್ರಾರ್ಥನೆಯೂ ಪಠ್ಯದ ಭಾಗವಾಗಲಿ.