ಪೆಡಲ್ ಡಬ್ಬಿಯ ಮುಖ: ಬಣ್ಣಕ್ಕಿಂತ ಅಕ್ಷರ ಮೊದಲು

ಮನೆಯಲ್ಲೇ ಗಿಟಾರ್ ಪೆಡಲ್ ಕಟ್ಟುವವರ ಕೆಲಸವನ್ನು ನಾವು ಸಾಮಾನ್ಯವಾಗಿ ಎರಡು ರೀತಿ ಅಳೆಯುತ್ತೇವೆ. ಸದ್ದು ಹೇಗಿದೆ ಎಂದು ಕೇಳುತ್ತೇವೆ. ಮುಚ್ಚಳ ಬಿಚ್ಚಿ ಬೆಸುಗೆ ಎಷ್ಟು ಅಚ್ಚುಕಟ್ಟಾಗಿದೆ ಎಂದು ನೋಡುತ್ತೇವೆ. ಡಬ್ಬಿಯ ಮೇಲಿನ ಬಣ್ಣ, ಬರಹದ ವಿಷಯ ಬಂದಾಗ ಮಾತ್ರ 'ಚೆನ್ನಾಗಿದೆ' ಎಂಬ ಒಂದೇ ಮಾತಿಗೆ ವಿಮರ್ಶೆ ಮುಗಿದುಹೋಗುತ್ತದೆ. ಆ ಮುಖಕ್ಕೂ ಬೆಸುಗೆಯಷ್ಟೇ ಕಟ್ಟುನಿಟ್ಟಿನ ವಿಮರ್ಶೆ ಸಲ್ಲಬೇಕು. ಪೆಡಲ್ ಬಳಸುವವರಿಗೆ ಒಳಗಿನ ಸರ್ಕ್ಯೂಟ್ ಕಾಣುವುದಿಲ್ಲ, ಕಾಣುವುದು ಮುಖ. ಯಾವ ನಾಬ್ ತಿರುಗಿಸಿದರೆ ಏನಾಗುತ್ತದೆ ಎಂಬುದನ್ನು ಆ ಮುಖವೇ ಹೇಳಬೇಕು. ಅದೂ ಕಾಲ ಬಳಿ ಬಿದ್ದುಕೊಂಡು, ವೇದಿಕೆಯ ಅರೆಬೆಳಕಿನಲ್ಲಿ, ಹಾಡಿನ ನಡುವೆ ಹೇಳಬೇಕು.

ಈ ಹವ್ಯಾಸದಲ್ಲಿ ಹೆಚ್ಚಾಗಿ ಬಳಕೆಯಾಗುವುದು ಎರಕದ ಅಲ್ಯುಮಿನಿಯಂ ಡಬ್ಬಿ. ಕೆನಡಾದ ಹ್ಯಾಮಂಡ್ ಕಂಪನಿಯ 1590ಬಿ ಮಾದರಿ ಎಷ್ಟು ರೂಢಿಯಾಗಿದೆಯೆಂದರೆ, ಬೇರೆಯವರು ತಯಾರಿಸಿದ ಅದೇ ಅಳತೆಯ ಡಬ್ಬಿಗೂ ಜನ ಅದೇ ಹೆಸರು ಹೇಳುತ್ತಾರೆ. ಉದ್ದ ಸುಮಾರು 112 ಮಿಲಿಮೀಟರ್, ಅಗಲ 60, ಎತ್ತರ 31. ಅಷ್ಟು ಮುಖದ ಮೇಲೆ 12 ಮಿಲಿಮೀಟರ್ ತೂತಿನ ಫುಟ್‌ಸ್ವಿಚ್, ಒಂದು ಎಲ್‌ಇಡಿ, ಎರಡೋ ಮೂರೋ ನಾಬ್ ಕೂರಬೇಕು. ಅವೆಲ್ಲ ಕೂತ ಮೇಲೆ ಅಕ್ಷರಕ್ಕೆ ಉಳಿಯುವುದು ಕೆಲವು ಕಿರಿದಾದ ಪಟ್ಟಿಗಳು. ಹಾಗಾಗಿ ಅಕ್ಷರ ಎಲ್ಲಿ, ಎಷ್ಟು ದೊಡ್ಡದು ಎಂಬುದು ಡ್ರಿಲ್ ಕೈಗೆ ತೆಗೆದುಕೊಳ್ಳುವ ಮೊದಲೇ ತೀರ್ಮಾನವಾಗಬೇಕು. ನಡೆಯುವುದು ಇದಕ್ಕೆ ತಿರುವುಮುರುವು: ಮೊದಲು ತೂತು, ಆಮೇಲೆ ಬಣ್ಣ, ಎಲ್ಲ ಮುಗಿದ ಮೇಲೆ ಉಳಿದ ಸಂದಿಯಲ್ಲಿ ಅಕ್ಷರ. ಮನೆಯಲ್ಲಿ ಮಾಡಿದ ಪೆಡಲ್‌ಗಳ ಮುಖ ಸೋಲುವುದು ಬಹುಪಾಲು ಈ ಕ್ರಮದಿಂದಲೇ.

ಎಷ್ಟು ದೊಡ್ಡ ಅಕ್ಷರ ಬೇಕು ಎಂಬುದಕ್ಕೆ ಲೆಕ್ಕವಿದೆ. ನಿಂತು ನುಡಿಸುವವರ ಕಣ್ಣಿಗೂ ನೆಲದ ಮೇಲಿನ ಪೆಡಲಿಗೂ ಹೆಚ್ಚುಕಡಿಮೆ ಒಂದೂವರೆ ಮೀಟರ್ ಅಂತರ. ಕಣ್ಣಿನ ಡಾಕ್ಟರ ಚಾರ್ಟಿನಲ್ಲಿ 6/6 ದೃಷ್ಟಿಯನ್ನು ಅಳೆಯುವ ಸಾಲಿನ ಅಕ್ಷರ ನಮ್ಮ ಕಣ್ಣಿಗೆ 5 ಆರ್ಕ್ ಮಿನಿಟ್ ಕೋನದಲ್ಲಿ ಕಾಣುತ್ತದೆ. ಅದೇ ಕೋನವನ್ನು ಒಂದೂವರೆ ಮೀಟರಿಗೆ ಹಾಕಿ ನೋಡಿದರೆ ಅಕ್ಷರದ ಎತ್ತರ ಸುಮಾರು 2.2 ಮಿಲಿಮೀಟರ್ ಬರುತ್ತದೆ. ಒಳ್ಳೆಯ ದೃಷ್ಟಿ, ಒಳ್ಳೆಯ ಬೆಳಕು, ಬಿಳಿಯ ಮೇಲೆ ಅಚ್ಚ ಕಪ್ಪು, ಈ ಮೂರೂ ಕೂಡಿದಾಗ ಓದಿಸಿಕೊಳ್ಳಬಲ್ಲ ಕನಿಷ್ಠ ಅಕ್ಷರ ಅದು. ವೇದಿಕೆಯ ಬೆಳಕಿಗೆ ಅದರ ದುಪ್ಪಟ್ಟಾದರೂ ಬೇಕು. ಅಂದರೆ ನಾಬ್ ಹೆಸರಿನ ಅಕ್ಷರ ನಾಲ್ಕೂವರೆ, ಐದು ಮಿಲಿಮೀಟರಿಗಿಂತ ಚಿಕ್ಕದಾಗಬಾರದು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿಕೊಂಡು ವಿನ್ಯಾಸ ಮಾಡುವಾಗ ಎರಡು ಮಿಲಿಮೀಟರಿನ ತೆಳ್ಳನೆ ಅಕ್ಷರ ಬಲು ಸೊಗಸಾಗಿ ಕಾಣುತ್ತದೆ. ಹತ್ತಿರದಿಂದ ತೆಗೆದ ಫೋಟೊದಲ್ಲೂ ಸೊಗಸೇ. ನೆಲಕ್ಕಿಟ್ಟರೆ ಆ ಪೆಡಲ್ ಮೂಕವಾಗುತ್ತದೆ.

ದೂರದಿಂದ ಅಕ್ಷರಕ್ಕಿಂತ ಮೊದಲು ಓದಿಸಿಕೊಳ್ಳುವುದು ಬಣ್ಣ. ಇದನ್ನು ಚೆನ್ನಾಗಿ ಅರಿತದ್ದು ಜಪಾನಿನ ಬಾಸ್ ಕಂಪನಿ. 1978ರ ಡಿಎಸ್-1 ಕಿತ್ತಳೆ, 1981ರ ಎಸ್‌ಡಿ-1 ಹಳದಿ. ಡಬ್ಬಿಯ ಆಕಾರ ಒಂದೇ ಆದರೂ ಕಾಲಿಗೆ ಯಾವುದು ಬೇಕೆಂದು ಕಣ್ಣು ತಕ್ಷಣ ಹೇಳುತ್ತದೆ. ಐಬನೇಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಹಸಿರು ಬಣ್ಣದಲ್ಲಿ ಬಂದ ಮೇಲೆ ಆ ಸರ್ಕ್ಯೂಟನ್ನು ಅನುಸರಿಸಿದ ಎಷ್ಟೋ ಪೆಡಲ್‌ಗಳು ಹಸಿರನ್ನೇ ತೊಟ್ಟವು. ಅಲ್ಲಿ ಹಸಿರು ಎಂದರೆ ಒಂದು ಬಗೆಯ ಸದ್ದು ಎಂಬ ಒಪ್ಪಂದ ಹುಟ್ಟಿತು. ಮನೆಯಲ್ಲಿ ಕಟ್ಟುವವರೂ ಟ್ಯೂಬ್ ಸ್ಕ್ರೀಮರ್ ಮಾದರಿಗೆ ಹಸಿರು ಹಚ್ಚುವುದುಂಟು. ಇದನ್ನು ಅನುಕರಣೆ ಎಂದು ಹೀಗಳೆಯಲು ನನಗೆ ಮನಸ್ಸಿಲ್ಲ. ಹತ್ತು ಪೆಡಲ್‌ಗಳ ಸಾಲಿನಲ್ಲಿ ಅದು ನಿಜಕ್ಕೂ ಉಪಯೋಗಕ್ಕೆ ಬರುವ ಗುರುತು.

ಬರಹದ ವಿಷಯದಲ್ಲಿ ಇತಿಹಾಸ ಇನ್ನೂ ಸ್ವಾರಸ್ಯಕರ. ರಾಚೆಸ್ಟರ್‌ನ ಎಂಎಕ್ಸ್‌ಆರ್ ಕಂಪನಿ 1974ರಲ್ಲಿ ತಂದ ಫೇಸ್ 90 ಪೆಡಲ್‌ಗೆ ಇರುವುದು ಒಂದೇ ನಾಬ್, ಅದರ ಹೆಸರು 'ಸ್ಪೀಡ್'. ಕಿತ್ತಳೆ ಮೈ, ಕಪ್ಪು ಅಕ್ಷರ, ಬೇರೇನೂ ಇಲ್ಲ. ಮೊದಮೊದಲು ಹೆಸರು ಕೂಡಕ್ಷರದಲ್ಲಿತ್ತು, ಆಮೇಲೆ ದಪ್ಪ ಅಚ್ಚಕ್ಷರಕ್ಕೆ ಬದಲಾಯಿತು. ಇವತ್ತಿಗೂ ಗಿಟಾರ್ ನುಡಿಸುವವರು ಹಳೆಯ ಸರ್ಕ್ಯೂಟನ್ನು 'ಸ್ಕ್ರಿಪ್ಟ್ ಲೋಗೊ' ಎಂದೇ ಕರೆಯುತ್ತಾರೆ. ನ್ಯೂಯಾರ್ಕಿನ ಎಲೆಕ್ಟ್ರೊ-ಹಾರ್ಮೊನಿಕ್ಸ್‌ನ ಬಿಗ್ ಮಫ್ ಪೈ ಪೆಡಲಿನದೂ ಇದೇ ಕಥೆ. ನಾಬ್‌ಗಳು ತ್ರಿಕೋನವಾಗಿ ಕೂತ ಮೊದಲ ಆವೃತ್ತಿ 'ಟ್ರಯಾಂಗಲ್', ಮೂಲೆಯಲ್ಲಿ ಪುಟ್ಟ ಮುಖದ ಚಿತ್ರವಿರುವ ಮುಂದಿನದು 'ರ್‍ಯಾಮ್ಸ್ ಹೆಡ್'. ರೆಸಿಸ್ಟರ್, ಕೆಪಾಸಿಟರುಗಳ ಮೌಲ್ಯ ಬದಲಾದುದನ್ನು ಜನ ನೆನಪಿಟ್ಟುಕೊಂಡದ್ದು ಮುಖದ ಗುರುತಿನಿಂದ. ಡಬ್ಬಿಯ ಮುಖ ಬರೀ ಹೊದಿಕೆ ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿಲ್ಲ.

ಕೈಯಲ್ಲಿ ಬಣ್ಣ ಹಚ್ಚುವುದನ್ನೇ ಒಂದು ಶೈಲಿಯಾಗಿ ನಿಲ್ಲಿಸಿದವರು ಮಿನ್ನಿಯಾಪೊಲಿಸ್‌ನ ಜೀ.ವೆಕ್ಸ್. ಅವರ ಫಜ್ ಫ್ಯಾಕ್ಟರಿ ಬಂದದ್ದು 1995ರಲ್ಲಿ. ಒಂದೊಂದು ಡಬ್ಬಿಯನ್ನೂ ಕೈಯಲ್ಲೇ ಚಿತ್ರಿಸಿ ಮಾರಿದರು. ಅದಕ್ಕಿಂತ ಅಗ್ಗದ ವೆಕ್ಸ್ಟರ್ ಸಾಲಿನದಕ್ಕೆ ಸ್ಕ್ರೀನ್ ಪ್ರಿಂಟ್. ಮುಖದ ಮೇಲೆ ಐದು ನಾಬ್: ವಾಲ್ಯೂಮ್, ಗೇಟ್, ಕಾಂಪ್, ಡ್ರೈವ್, ಸ್ಟ್ಯಾಬ್. ಒಂದನ್ನು ತಿರುಗಿಸಿದರೆ ಉಳಿದವುಗಳ ಕೆಲಸವೂ ಬದಲಾಗುವ ಸರ್ಕ್ಯೂಟ್ ಅದು. ಹಾಗಾಗಿ ಅಲ್ಲಿನ ಹೆಸರುಗಳು ದಾರಿ ತೋರಿಸುತ್ತವೆ, ನಿಖರವಾಗಿ ವಿವರಿಸುವುದಿಲ್ಲ. ಅಂಥ ಕಾಡುಸ್ವಭಾವದ ಸದ್ದಿಗೆ ಕೈಬಣ್ಣದ ಮುಖ ಒಪ್ಪುತ್ತದೆ. ಆದರೆ ಇದನ್ನು ನೋಡಿ ಮೈತುಂಬ ಚಿತ್ರ ಬರೆದು, ನಾಬ್ ಹೆಸರುಗಳನ್ನು ಚಿತ್ರದೊಳಗೆ ಮುಳುಗಿಸಿಬಿಡುವ ಪೆಡಲ್‌ಗಳು ಬಹಳ. ಚಿತ್ರದ ಎಲೆ, ಬಳ್ಳಿ, ಹೊಗೆಯ ನಡುವೆ ಅಕ್ಷರ ಹುಡುಕಬೇಕಾಗಿ ಬಂದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಪೆಡಲಿನ ಮುಖವಾಗಿ ಅದು ಸೋತಂತೆಯೇ.

ಇನ್ನು ವಿಧಾನಗಳ ಮಾತು. ಮನೆಯಲ್ಲಿ ಮಾಡುವವರು ಮೊದಲು ಒಲಿಯುವುದು ವಾಟರ್‌ಸ್ಲೈಡ್ ಡಿಕಾಲ್‌ಗೆ: ಪಾರದರ್ಶಕ ಹಾಳೆಯ ಮೇಲೆ ಮುದ್ರಿಸಿ, ನೀರಲ್ಲಿ ನೆನೆಸಿ, ಡಬ್ಬಿಯ ಮೇಲೆ ಜಾರಿಸಿ ಕೂರಿಸುವುದು. ಅಕ್ಷರ ಅಚ್ಚಿನಷ್ಟು ಸ್ಪಷ್ಟ. ಕೊರತೆ ಎರಡು. ಮನೆಯ ಪ್ರಿಂಟರಿಗೆ ಬಿಳಿ ಶಾಯಿ ಇಲ್ಲ, ಆದ್ದರಿಂದ ಕಡುಬಣ್ಣದ ಡಬ್ಬಿಗೆ ಈ ಹಾಳೆ ನಡೆಯುವುದಿಲ್ಲ. ಎರಡನೆಯದು ಅಂಚು. ಡಬ್ಬಿಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ: ಪ್ರತಿ ಪದದ ಸುತ್ತ ತೆಳು ಹಾಳೆಯ ಆಯತ ಎದ್ದು ಕಾಣುತ್ತದೆ, ಒಳಗೆ ಸಿಕ್ಕಿದ ಗಾಳಿ ಅಲ್ಲಲ್ಲಿ ಬೆಳ್ಳಗೆ ಹೊಳೆಯುತ್ತದೆ. ಪದಕ್ಕೊಂದು ತುಂಡಿನ ಬದಲು ಇಡೀ ಮುಖಕ್ಕೆ ಒಂದೇ ಡಿಕಾಲ್ ಹಾಕಿ, ಅಂಚನ್ನು ಡಬ್ಬಿಯ ಅಂಚಿಗೇ ತಂದು, ಮೇಲೆ ಕ್ಲಿಯರ್ ಕೋಟ್ ಹಲವು ತೆಳು ಪದರ ಕೊಟ್ಟವರ ಕೆಲಸದಲ್ಲಿ ಈ ದೋಷ ಕಾಣುವುದಿಲ್ಲ. ಡಿಕಾಲ್ ಬಳಸುವುದಾದರೆ ಅದೊಂದೇ ಸರಿಯಾದ ದಾರಿ.

ಉಜ್ಜಿ ಇಳಿಸುವ ಲೆಟ್ರಾಸೆಟ್ ಅಕ್ಷರಗಳು ಹಾಳೆಯ ಅಂಚು ಬಿಡುವುದಿಲ್ಲ, ಬಿಳಿಯಲ್ಲೂ ಸಿಗುತ್ತವೆ. ಆದರೆ ಕ್ಲಿಯರ್ ಕೋಟ್ ಇಲ್ಲದೆ ಬೂಟಿನ ಒರಸಾಟಕ್ಕೆ ನಿಲ್ಲುವುದಿಲ್ಲ. ಉಬ್ಬಕ್ಷರದ ಲೇಬಲ್ ಟೇಪನ್ನು ಹಲವರು ಒರಟು ಎಂದು ತಿರಸ್ಕರಿಸುತ್ತಾರೆ. ಓದಿಸಿಕೊಳ್ಳುವ ದೃಷ್ಟಿಯಿಂದ ಕಪ್ಪು ಪಟ್ಟಿಯ ಮೇಲಿನ ಆ ಬಿಳಿ ಅಕ್ಷರ ಬಹುತೇಕ ಡಿಕಾಲ್‌ಗಳನ್ನು ಹಿಂದಿಕ್ಕುತ್ತದೆ ಎಂಬುದನ್ನು ಒಪ್ಪಲೇಬೇಕು.

ಬಾಳಿಕೆಯಲ್ಲಿ ಎಲ್ಲಕ್ಕೂ ಮೇಲು ಆಸಿಡ್ ಕೊರೆತ. ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿಪೆಟ್ಟಿಗೆಯ ಕಾವಿನಿಂದ ಅಲ್ಯುಮಿನಿಯಂಗೆ ಇಳಿಸಿ, ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ ಟೋನರ್ ಇಲ್ಲದ ಕಡೆ ಲೋಹ ಕರಗಿ ತಗ್ಗಾಗುತ್ತದೆ. ಆ ತಗ್ಗಿಗೆ ಕಪ್ಪು ಬಣ್ಣ ತುಂಬಿ ಮೇಲ್ಮೈಯನ್ನು ಉಪ್ಪುಕಾಗದದಿಂದ ಉಜ್ಜಿದರೆ ಅಕ್ಷರ ಲೋಹದೊಳಗೇ ಕೂತುಬಿಡುತ್ತದೆ. ಅಲ್ಯುಮಿನಿಯಂ ಜತೆ ಈ ರಾಸಾಯನಿಕ ಜೋರಾಗಿ ಕಾಯುತ್ತದೆ, ಹೊಗೆ ಏಳುತ್ತದೆ. ದ್ರಾವಣವನ್ನು ತೆಳುವಾಗಿಟ್ಟುಕೊಂಡು, ಕೈಗವಸು, ಕನ್ನಡಕ ಹಾಕಿ, ಬಯಲಲ್ಲಿ ಮಾಡಬೇಕಾದ ಕೆಲಸ. ಅಷ್ಟು ಎಚ್ಚರ ವಹಿಸಬಲ್ಲವರಿಗೆ ಇದು ಕೊಡುವ ಫಲ ಬೇರೆ ಯಾವ ವಿಧಾನವೂ ಕೊಡದು: ಬಣ್ಣ ಸವೆದರೂ ಅಕ್ಷರ ಉಳಿಯುತ್ತದೆ.

ಕುಂಚದಿಂದ, ಪೇಂಟ್ ಪೆನ್ನಿನಿಂದ ಬರೆಯುವುದು ಕೊನೆಯದು, ನನಗೆ ಅತ್ಯಂತ ಪ್ರಿಯವಾದದ್ದು. ಕೈಯಲ್ಲಿ ಬರೆದದ್ದೆಲ್ಲ ಒಳ್ಳೆಯದೆಂಬ ಭಾವುಕತೆ ಇಲ್ಲಿ ಬೇಡ. ಅಕ್ಷರದ ಎತ್ತರ ಒಂದೇ ಸಮವಿರಬೇಕು, ಪದ ನಾಬಿನ ನಡುಗೆರೆಗೆ ಸರಿಯಾಗಿ ಕೂರಬೇಕು, ಎರಡು ಅಕ್ಷರಗಳ ನಡುವಿನ ಬಿಡುವು ಕಣ್ಣಿಗೆ ಸಮವೆನಿಸಬೇಕು. ಅಂಗಡಿ ಬೋರ್ಡ್ ಬರೆಯುವವರು ಸೀಮೆಸುಣ್ಣದ ಗೆರೆ ಎಳೆದುಕೊಂಡೇ ಕುಂಚ ಹಿಡಿಯುತ್ತಾರೆ. ಅದೇ ಶಿಸ್ತು ಇಲ್ಲಿಗೂ ಬೇಕು. ಜತೆಗೆ, ಸಾಮಾನ್ಯ ಮಾರ್ಕರ್ ಪೆನ್ನಿನ ಶಾಯಿ ಲ್ಯಾಕರಿನ ಥಿನ್ನರ್ ತಗುಲಿದೊಡನೆ ಕರಗಿ ಹರಡುತ್ತದೆ. ಪಿಗ್ಮೆಂಟ್ ಇರುವ ಪೇಂಟ್ ಪೆನ್ ಬಳಸಿ, ಕ್ಲಿಯರ್ ಕೋಟಿನ ಮೊದಲ ಪದರವನ್ನು ಮಂಜಿನಷ್ಟು ತೆಳುವಾಗಿ ಕೊಟ್ಟರೆ ಅಕ್ಷರ ಕದಡುವುದಿಲ್ಲ.

ಬಣ್ಣದ ಕೆಲಸದ ಯಶಸ್ಸು ಬಣ್ಣ ಮುಟ್ಟುವ ಮೊದಲೇ ನಿರ್ಧಾರವಾಗಿರುತ್ತದೆ. ಅಲ್ಯುಮಿನಿಯಂ ಗಾಳಿಗೆ ತೆರೆದೊಡನೆ ಮೈಮೇಲೆ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ, ಬಣ್ಣ ಅದಕ್ಕೆ ಸರಿಯಾಗಿ ಕಚ್ಚುವುದಿಲ್ಲ. 320ರ ಉಪ್ಪುಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಜಿಡ್ಡು ತೆಗೆದು, ಲೋಹಕ್ಕೆ ಕಚ್ಚುವ ಎಚಿಂಗ್ ಪ್ರೈಮರ್ ಹೊಡೆದ ಮೇಲೆಯೇ ಬಣ್ಣ. ಸ್ಪ್ರೇ ಬಣ್ಣ ಗಂಟೆಯೊಳಗೆ ಕೈಗೆ ಅಂಟದಂತಾಗುತ್ತದೆ. ಒಳಗೆ ಗಟ್ಟಿಯಾಗಲು ದಿನಗಳೇ ಬೇಕು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯ ಅರ್ಥ ಜ್ಯಾಕಿನ ನಟ್ ಬಿಗಿಯುವಾಗ ತಿಳಿಯುತ್ತದೆ: ಹಸಿ ಬಣ್ಣ ವಾಷರ್ ಜತೆ ಸುರುಳಿ ಸುತ್ತಿಕೊಂಡು ತೂತಿನ ಸುತ್ತ ಬರಿ ಲೋಹದ ಉಂಗುರ ತೆರೆದುಕೊಳ್ಳುತ್ತದೆ. ಪೌಡರ್ ಕೋಟಿಂಗ್ ಮಾಡಿಸಿದರೆ ಈ ಕಾಟವಿಲ್ಲ. 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದ ಆ ಪದರ ಬೂಟಿಗೂ ಜಗ್ಗುವುದಿಲ್ಲ. ಯಾವ ವಿಧಾನವಾದರೂ ಡಬ್ಬಿಯ ಒಳಮೈಗೆ, ಮುಚ್ಚಳ ಕೂರುವ ಅಂಚಿಗೆ ಬಣ್ಣ ಹಚ್ಚಕೂಡದು. ಡಬ್ಬಿ ಸರ್ಕ್ಯೂಟಿನ ಗ್ರೌಂಡಿಗೆ ಸೇರಿದ ಕವಚ. ಲೋಹಕ್ಕೆ ಲೋಹ ತಾಗದಿದ್ದರೆ ಹಮ್ ಒಳನುಗ್ಗುತ್ತದೆ. ಕಣ್ಣಿಗೆ ಚೆಂದ ಕಂಡು ಕಿವಿಗೆ ಗುಂಯ್ ಎನ್ನುವ ಡಬ್ಬಿಗೆ ಯಾವ ಮೆಚ್ಚುಗೆಯೂ ಸಲ್ಲದು.

ಕನ್ನಡದಲ್ಲಿ ಬರೆಯುವ ಆಸೆಯುಳ್ಳವರಿಗೆ ಒಂದು ಮಾತು. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಬೆಂಗಳೂರಿನಲ್ಲೇ ಕಟ್ಟಿದ ಪೆಡಲ್ ಮೇಲೆ ಕನ್ನಡ ಇರುವುದು ಸಹಜ, ಇರಲೇಬೇಕು. ಆದರೆ ನಮ್ಮ ಲಿಪಿಯ ಲೆಕ್ಕ ಬೇರೆ. ಐದು ಮಿಲಿಮೀಟರ್ ಎತ್ತರದಲ್ಲಿ 'ಧ್ವನಿ' ಎಂದು ಬರೆಯಿರಿ: ವತ್ತು ಕೆಳಗಿನ ಜಾಗ ತಿನ್ನುತ್ತದೆ, ಗುಡಿಸು ಮೇಲಿನ ಜಾಗ ಬೇಡುತ್ತದೆ, 'ಧ'ಕಾರದ ಮೈಗೆ ಉಳಿಯುವುದು ಮೂರೇ ಮಿಲಿಮೀಟರ್. ಅದರ ಹೊಟ್ಟೆ ಸೀಳು ದಪ್ಪ ನಿಬ್ಬಿನಲ್ಲಿ ತುಂಬಿಹೋಗಿ 'ದ' ಆಗುತ್ತದೆ. ಇದಕ್ಕೆ ಪರಿಹಾರ ಇಂಗ್ಲಿಷಿಗೆ ಮರಳುವುದಲ್ಲ. ನಾಬ್‌ಗಳ ನಡುವೆ ಇನ್ನೊಂದೆರಡು ಮಿಲಿಮೀಟರ್ ಹೆಚ್ಚು ಬಿಟ್ಟು ತೂತು ಕೊರೆಯಬೇಕು. ತೆಳು ಕುಂಚ ಹಿಡಿಯಬೇಕು. 'ಧ್ವನಿ'ಯ ಬದಲು 'ದನಿ', 'ತೀಕ್ಷ್ಣತೆ'ಯ ಬದಲು 'ಚೂಪು' ಎಂಬಂಥ ವತ್ತಿಲ್ಲದ ಚಿಕ್ಕ ಪದ ಆರಿಸಿಕೊಳ್ಳಬೇಕು. ಅಕ್ಷರ ಮೊದಲು ಎಂಬ ನಿಯಮ ಕನ್ನಡಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಅಕ್ಷರವೇ ಬೇಡ, ನಾಬನ್ನು ಕಿವಿಯಿಂದ ತಿರುಗಿಸಬೇಕು ಎನ್ನುವ ಪಂಥವೂ ಇದೆ. ಬರಿಮೈ ಅಲ್ಯುಮಿನಿಯಂ ಡಬ್ಬಿ, ಹೆಸರಿಲ್ಲದ ಮೂರು ನಾಬ್. ಕಣ್ಣು ಸಂಖ್ಯೆಗಳನ್ನು ನೆಚ್ಚಿಕೊಂಡರೆ ಕಿವಿ ಸೋಮಾರಿಯಾಗುತ್ತದೆ ಎಂಬ ಅವರ ಮಾತಿನಲ್ಲಿ ಸತ್ಯವಿದೆ. ನಾಬ್ ಸುತ್ತ ಒಂದರಿಂದ ಹತ್ತರವರೆಗೆ ಅಂಕಿ ಬರೆಯುವುದು ನನಗೂ ಅನಗತ್ಯವೆನಿಸುತ್ತದೆ. ಆದರೆ ಹೆಸರೇ ಇಲ್ಲದ ಪೆಡಲ್ ಅದನ್ನು ಕಟ್ಟಿದವರಿಗೆ ಮಾತ್ರ ಅರ್ಥವಾಗುತ್ತದೆ. ಪವರ್ ಜ್ಯಾಕಿನ ಪಕ್ಕ '9 ವೋಲ್ಟ್, ನಡುವೆ ನೆಗೆಟಿವ್' ಎಂಬ ಗುರುತು ಇಲ್ಲದಿದ್ದರೆ ಬೇರೊಬ್ಬರು ತಪ್ಪು ಅಡಾಪ್ಟರ್ ಚುಚ್ಚಿ ಸರ್ಕ್ಯೂಟನ್ನೇ ಸುಡಬಹುದು.

ಒಳ್ಳೆಯ ಪೆಡಲ್ ಮುಖದ ಅಳತೆಗೋಲು ನನಗೆ ಇದೇ. ಕಟ್ಟಿದವರು ಪಕ್ಕದಲ್ಲಿಲ್ಲದಾಗ, ಅದನ್ನು ಮೊದಲ ಸಲ ಕಾಣುವ ಗಿಟಾರ್ ವಾದಕರು ನೆಲಕ್ಕಿಟ್ಟು, ನಿಂತಲ್ಲಿಂದಲೇ ಓದಿ, ಯಾರನ್ನೂ ಕೇಳದೆ ನುಡಿಸಬಲ್ಲರೇ? ಬಲ್ಲರಾದರೆ ಎರಡೇ ಬಣ್ಣದ ಸರಳ ಕೈಬರಹವೂ ಗೆದ್ದಂತೆ. ಇಲ್ಲವಾದರೆ ಎಷ್ಟೇ ನುಣುಪಾದ ಡಿಕಾಲ್ ಆದರೂ ಸೋತಂತೆ. ಸರ್ಕ್ಯೂಟಿಗೆ ವಾರಗಟ್ಟಲೆ ದುಡಿಯುವವರು ಮುಖಕ್ಕೂ ಅದೇ ಶ್ರಮ ಎತ್ತಿಡಲಿ. ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬರೆದು, ನೆಲಕ್ಕಿಟ್ಟು, ನಿಂತು ಓದಿ ನೋಡಿದ ಮೇಲೆಯೇ ಡ್ರಿಲ್ ಹಿಡಿಯಲಿ. ಆಗ ಮನೆಯಲ್ಲಿ ಮಾಡಿದ ಪೆಡಲ್ ಮಾಡಿದವರ ಮನೆಯಾಚೆಗೂ ಬಾಳುವ ವಾದ್ಯವಾಗುತ್ತದೆ.