ಪ್ರಮಾದಗಳ ನಾಮಾವಳಿ

ತಪ್ಪುವುದರಲ್ಲಿ ಮನುಷ್ಯರೆಲ್ಲರೂ ಸಮಾನರಾದರೂ, ತಮ್ಮ ಪ್ರಮಾದಗಳಿಗೆ ಇಂಗ್ಲಿಷರಷ್ಟು ಅಕ್ಕರೆಯಿಂದ ಹೆಸರಿಟ್ಟವರು ವಿರಳರೆಂದೇ ನನ್ನೆಣಿಕೆ. ಬ್ಲಂಡರ್, ಬಂಗಲ್, ಬಾಚ್, ಬ್ಲೂಮರ್ ಎಂದು ಒಂದೊಂದನ್ನೇ ಗಟ್ಟಿಯಾಗಿ ಉಚ್ಚರಿಸಿ ನೋಡಿದರೆ, ಮುಚ್ಚಿದ ತುಟಿಗಳು ತಟ್ಟನೆ ಬಿರಿದು ಒಳಗಿದ್ದುದೆಲ್ಲ ಕೈಮೀರಿ ಹೊರಚೆಲ್ಲುವ ಆ ಓಷ್ಠ್ಯಧ್ವನಿಯಲ್ಲಿಯೇ ಕೆಲಸ ಕೆಟ್ಟ ಸದ್ದು ಕೇಳಿಸುವುದು. ಇವುಗಳಲ್ಲಿ ಬಾಚ್ ಎಂಬುದು ಮೊದಲು ಹರಿದುದಕ್ಕೆ ತೇಪೆಹಾಕಿ ಸರಿಪಡಿಸುವುದೆಂಬ ಸದರ್ಥವನ್ನೇ ಹೊತ್ತಿದ್ದು, ಬಹುಶಃ ಆ ರಿಪೇರಿಯ ಫಲವನ್ನು ಕಂಡವರ ಬಾಯಲ್ಲಿ, ಕ್ರಮೇಣ ಕೆಡಿಸುವುದೆಂದೇ ರೂಢಿಗೊಂಡಿತು. ಸಭೆಯಲ್ಲಿ ಆಡಬಾರದುದನ್ನು ಆಡಿದ ಮುಜುಗರಕ್ಕೆ ಮಾತ್ರ ಗ್ಯಾಫ್, ಫೋ ಪಾಗಳನ್ನು ಫ್ರೆಂಚರಿಂದ ಎರವಲು ತಂದರು. ಲಜ್ಜೆಗೂ ತಕ್ಕ ಉಡುಪು ಬೇಕಲ್ಲವೆ!

ಆದರೆ ಈ ಕೌಶಲದ ಶಿಖರವೆಂದರೆ, 1775ರಲ್ಲಿ ರಂಗವೇರಿದ ಶೆರಿಡನ್ನನ ‘ದಿ ರೈವಲ್ಸ್’ ನಾಟಕದ ಮಿಸೆಸ್ ಮಾಲಪ್ರಾಪ್. ಘನವಾದ ಪದಗಳ ವ್ಯಾಮೋಹದಿಂದ ಆಕೆ, ಮೊಸಳೆಯ ಜಾತಿಯ ಅಲಿಗೇಟರನ್ನು ಹೇಳಹೋಗಿ ಅಲಿಗರಿ, ಅರ್ಥಾತ್ ರೂಪಕಕಥೆ, ಎಂದುಬಿಡುತ್ತಾಳೆ. ಧ್ವನಿಯಲ್ಲಿ ನೆರೆಮನೆಯಷ್ಟು ಸಮೀಪವೂ ಅರ್ಥದಲ್ಲಿ ಬಹುದೂರವೂ ಆದ ಪದವನ್ನೇ ಆರಿಸಿ ಆಕೆಯ ನಾಲಗೆಯ ಮೇಲಿರಿಸಿದ ಆ ನಾಟಕಕಾರನ ಕಿವಿ ಅದೆಷ್ಟು ಸೂಕ್ಷ್ಮವಾದುದು! ಇಂಥ ಪ್ರಮಾದಕ್ಕೆ ಆಕೆಯ ಹೆಸರೇ ನಿಂತಿತು. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನ ವಾರ್ಡನ್ ಆಗಿದ್ದ ಸ್ಪೂನರ್ ಮಹಾಶಯರ ಹೆಸರೂ, ಪದಗಳ ಆದ್ಯಧ್ವನಿಗಳು ಅದಲುಬದಲಾಗುವ ದೋಷಕ್ಕೆ ಅಂಟಿಕೊಂಡಿತು. ಅವರ ಮೇಲೆ ಹೊರಿಸಿದ ಉದಾಹರಣೆಗಳಲ್ಲಿ ಬಹುಪಾಲು ಪರರ ಕಟ್ಟುಕಥೆಯಾದುದು, ಪಾಪ, ಅವರ ದುರದೃಷ್ಟ. ಎರಡನೆಯ ಮಹಾಯುದ್ಧದ ಅಮೆರಿಕನ್ ಸೈನಿಕರು ಬಳಕೆಗೆ ತಂದ ಸ್ನಾಫೂ ಎಂಬುದೋ, ಎಂದಿನಂತೆಯೇ ಎಲ್ಲವೂ ಅಸ್ತವ್ಯಸ್ತವೆಂಬ ವರದಿಯ ಆದ್ಯಕ್ಷರಮಾಲೆ. ಅದರ ನಾಲ್ಕನೆಯ ಅಕ್ಷರವನ್ನು ಬಿಡಿಸಿ ಬರೆಯಲು ಈ ಲೇಖನಿ ನಾಚುವುದು.