ಹೆಸರು ಕಳೆದುಕೊಂಡವರು

ಕಳೆದ ಬೇಸಿಗೆ ರಜೆಯಲ್ಲಿ ನಾನು ಓದಿದ್ದು ಎರಡೇ ಬಗೆಯ ಪುಸ್ತಕಗಳನ್ನು. ಮಾಟಗಾರರೂ ಡ್ರ್ಯಾಗನ್‌ಗಳೂ ಓಡಾಡುವ ಕಲ್ಪನಾಲೋಕದ ಕಾದಂಬರಿಗಳು ಒಂದು ಬಗೆ, ನಿಜವಾಗಿ ನಡೆದ ಕೊಲೆಗಳ ಕಥನಗಳು ಇನ್ನೊಂದು. ‘ಏನು ಟೀಚರ್, ಒಂದು ಕೈಯಲ್ಲಿ ಚಂದಮಾಮ, ಇನ್ನೊಂದರಲ್ಲಿ ಪೊಲೀಸ್ ಡೈರಿ!’ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಗಲಿ. ಒಂದರಲ್ಲಿ ಇರುವುದೆಲ್ಲ ಸುಳ್ಳು, ಇನ್ನೊಂದರಲ್ಲಿ ಇರುವುದೆಲ್ಲ ನಿಜ ಎಂಬ ವಿಂಗಡಣೆ ಮಾತ್ರ ಓದುತ್ತ ಹೋದಂತೆ ಸಡಿಲವಾಯಿತು.

ಕೊಲೆಯ ಕಥನಗಳಿಗೆಲ್ಲ ಹಿರಿಯಣ್ಣನೆನಿಸಿಕೊಂಡ ಪುಸ್ತಕ ಟ್ರೂಮನ್ ಕಪೋಟೆಯ ‘ಇನ್ ಕೋಲ್ಡ್ ಬ್ಲಡ್’ (1966). ಅಮೆರಿಕದ ಕಾನ್ಸಾಸ್ ರಾಜ್ಯದ ಹಾಲ್ಕಂಬ್ ಎಂಬ ಸಣ್ಣ ಊರಿನಲ್ಲಿ 1959ರ ನವೆಂಬರಿನಲ್ಲಿ ಒಂದೇ ಮನೆಯ ನಾಲ್ವರು ಕೊಲೆಯಾದರು. 1965ರ ಏಪ್ರಿಲಿನಲ್ಲಿ ಕೊಲೆಗಾರರಿಬ್ಬರಿಗೂ ಗಲ್ಲಾಯಿತು. ಕಪೋಟೆಯ ಗದ್ಯ ಸೊಗಸಾದದ್ದು, ಒಪ್ಪಿದೆ. ಆದರೆ ಆ ಸೊಗಸೆಲ್ಲ ಯಾರ ಪಾಲಾಯಿತು? ಕೊಲೆಗಾರ ಪೆರಿ ಸ್ಮಿತ್‌ನ ಬಾಲ್ಯ, ಅವನ ಕನಸು, ಅವನ ಗಿಟಾರು ಎಲ್ಲವೂ ನಮಗೆ ಗೊತ್ತಾಗುತ್ತದೆ. ಸತ್ತ ಮನೆಯೊಡತಿಯಾದರೋ ಕೆಲವು ಪುಟಗಳಲ್ಲಿ ಕಾಯಿಲೆಯ ಹೆಂಗಸಾಗಿ ಸುಳಿದು ಮರೆಯಾಗುತ್ತಾಳೆ. ಪ್ರತಿಯೊಂದೂ ಸತ್ಯವೆಂದು ಹೇಳಿಕೊಂಡ ಈ ಪುಸ್ತಕದ ಕೊನೆಯ ಸ್ಮಶಾನದ ದೃಶ್ಯ ಲೇಖಕನೇ ಕಟ್ಟಿದ್ದು ಎಂಬುದು ಈಗ ಎಲ್ಲರಿಗೂ ತಿಳಿದ ಸಂಗತಿ.

ಅದರ ಬೆನ್ನಿಗೇ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿಯ ‘ದಿ ಫೈವ್’ (2019) ಓದಿದ್ದು ಒಳ್ಳೆಯದಾಯಿತು. 1888ರಲ್ಲಿ ಲಂಡನ್ನಿನಲ್ಲಿ ‘ಜ್ಯಾಕ್ ದಿ ರಿಪ್ಪರ್’ ಎಂಬ ಅಡ್ಡಹೆಸರಿನವನು ಕೊಂದ ಐವರು ಹೆಂಗಸರ ಬದುಕು ಇಲ್ಲಿದೆ. ಕೊಲೆಗಾರ ಯಾರೆಂಬ ಚರ್ಚೆಗೆ ಈಕೆ ಕೈಯಿಕ್ಕುವುದೇ ಇಲ್ಲ, ಕೊಲೆಯ ವರ್ಣನೆಯನ್ನೂ ಕೊಡುವುದಿಲ್ಲ. ಪಾಲಿ ನಿಕೋಲ್ಸ್ ಕಮ್ಮಾರನ ಮಗಳು, ಅಚ್ಚುಕೂಟದ ಕೆಲಸಗಾರನ ಹೆಂಡತಿ. ಆ್ಯನಿ ಚಾಪ್‌ಮನ್ ಸಿರಿವಂತರ ಸಾರೋಟು ಓಡಿಸುವವನ ಹೆಂಡತಿಯಾಗಿ ತಕ್ಕಮಟ್ಟಿಗೆ ಚೆನ್ನಾಗಿಯೇ ಬಾಳಿದವಳು. ಕುಡಿತ ಅವಳನ್ನು ಬೀದಿಗೆ ತಂದಿತು. ಎಲಿಜಬೆತ್ ಸ್ಟ್ರೈಡ್ ಸ್ವೀಡನ್ನಿನ ರೈತರ ಮನೆಯಲ್ಲಿ ಹುಟ್ಟಿದವಳು. ಐವರೂ ವೇಶ್ಯೆಯರೆಂದು ಅಂದಿನ ಪೊಲೀಸರೂ ಪತ್ರಿಕೆಗಳೂ ತೀರ್ಮಾನಿಸಿದ್ದವು. ಅವರಲ್ಲಿ ಮೂವರ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲವೆಂದು ಲೇಖಕಿ ವಾದಿಸುತ್ತಾರೆ. ಈ ವಾದವನ್ನು ಒಪ್ಪದವರೂ ಇದ್ದಾರೆ. ಪುಸ್ತಕದ ಕೊನೆಯಲ್ಲಿ ಸತ್ತಾಗ ಅವರ ಬಳಿಯಿದ್ದ ವಸ್ತುಗಳ ಪಟ್ಟಿಯಿದೆ. ಕ್ಯಾಥರೀನ್ ಎಡ್ಡೋಸ್ ಬಳಿ ಚಹಾಪುಡಿಗೊಂದು ಸಕ್ಕರೆಗೊಂದು ಪುಟ್ಟ ಡಬ್ಬಿ, ಸಾಬೂನಿನ ಚೂರುಗಳು, ಬಾಚಣಿಗೆ, ಸೂಜಿ. ಮನೆಯೇ ಇಲ್ಲದವಳು ಸಂಸಾರವನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದಂತೆ. ನಾನು ಆ ಪುಟದಿಂದ ಬಹಳ ಹೊತ್ತು ಮುಂದೆ ಹೋಗಲಿಲ್ಲ.

ಇನ್ನು ಸುಳ್ಳಿನ ಲೋಕ. ಅರ್ಸುಲ ಲಗ್ವಿನ್‌ಳ ‘ಅರ್ಥ್‌ಸೀ’ ದ್ವೀಪಗಳಲ್ಲಿ ಪ್ರತಿ ಜೀವಕ್ಕೂ ಒಂದು ನಿಜನಾಮವಿರುತ್ತದೆ. ಅದನ್ನು ತಿಳಿಯುವುದೇ ಮಾಂತ್ರಿಕತೆ. ಎರಡನೆಯ ಕಾದಂಬರಿಯಲ್ಲಿ (1971) ತೆನಾರ್ ಎಂಬ ಪುಟ್ಟ ಹುಡುಗಿಯನ್ನು ದೇವರ ಸೇವೆಗೆಂದು ತಾಯಿಯಿಂದ ಕಿತ್ತು ತಂದು, ಅವಳ ಹೆಸರನ್ನೇ ಅಳಿಸಿ, ‘ನುಂಗಲ್ಪಟ್ಟವಳು’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ದೇವರಿಗೆ ಬಿಟ್ಟ ಹೆಣ್ಣುಮಕ್ಕಳ ಕತೆ ಕೇಳಿ ಬೆಳೆದ ನಮಗೆ ಇದು ಯಾವ ಕಲ್ಪನಾಲೋಕ? 1990ರ ‘ತೆಹಾನು’ವಿನಲ್ಲಿ ಅದೇ ತೆನಾರ್ ನಡುವಯಸ್ಸಿನ ವಿಧವೆ. ತನ್ನವರೇ ಹಿಂಸಿಸಿ ಬೆಂಕಿಗೆ ನೂಕಿದ್ದ ಮಗುವೊಂದನ್ನು ಸಾಕುತ್ತಾಳೆ. ಮೇಕೆ, ಪಾತ್ರೆ, ಅಡುಗೆಯೊಲೆ, ಬಾಗಿಲಾಚೆಯ ಭಯ: ಹೆಂಗಸಿನ ದಿನಚರಿಯನ್ನು ಇಷ್ಟು ತಾಳ್ಮೆಯಿಂದ ಬರೆದ ಮಾಟದ ಕತೆಯನ್ನು ನಾನು ಬೇರೆ ಕಂಡಿಲ್ಲ.

ಅಂತ್ಯ ಮಾತ್ರ ನನಗೆ ಒಗ್ಗಲಿಲ್ಲ. ಡ್ರ್ಯಾಗನ್ ಹಾರಿಬಂದು ದುಷ್ಟರನ್ನು ಸುಟ್ಟುಹಾಕುತ್ತದೆ. ಅಷ್ಟು ಹೊತ್ತು ನೆಲದ ಮೇಲೆ ನಡೆಸಿದ ಲೇಖಕಿ ಇಲ್ಲಿ ನಮ್ಮನ್ನು ಪುಸಲಾಯಿಸಿದಳೇನೋ ಎನಿಸಿತು. ಆದರೂ ‘ದಿ ಫೈವ್’ ಮುಗಿಸಿದ ರಾತ್ರಿ ನಾನು ಮತ್ತೆ ತೆಗೆದು ಓದಿದ್ದು ಆ ಕೊನೆಯ ಪುಟಗಳನ್ನೇ.

ನಮ್ಮಲ್ಲೂ ‘ಪಾಪಿಗಳ ಲೋಕದಲ್ಲಿ’, ‘ದಾದಾಗಿರಿಯ ದಿನಗಳು’ ಇವೆ. ಓದಿಸಿಕೊಂಡು ಹೋಗುವ ಪುಸ್ತಕಗಳೇ. ಮಚ್ಚು ಹಿಡಿದವರ ಹೆಸರು ನಮ್ಮ ಹತ್ತನೇ ತರಗತಿಯ ಹುಡುಗರಿಗೆ ಬಾಯಿಪಾಠ. ಸತ್ತವರ ಹೆಂಡಂದಿರು ಆಮೇಲೆ ಯಾವ ಊರಿಗೆ ಹೋದರು, ಮಕ್ಕಳನ್ನು ಯಾವ ಶಾಲೆಗೆ ಸೇರಿಸಿದರು ಎಂದು ಕನ್ನಡದಲ್ಲಿ ಯಾರಾದರೂ ಬರೆದರೆ ಮೊದಲ ಪ್ರತಿ ನಾನೇ ಕೊಳ್ಳುತ್ತೇನೆ.